ಕಡುನೀಲಿ ಕಾರಿನ ಕಿತ್ತಳೆ ಸಿಪ್ಪೆ

ಕಿತ್ತಳೆ ಹಣ್ಣನ್ನು ಎಲ್ಲರೂ ಸುಲಿದು ತಿನ್ನುತ್ತಾರೆ. ನಾನು ಮಾತ್ರ ಸುಲಿಯುವ ಮೊದಲು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸುತ್ತ, ಅದರ ಮೈಮೇಲಿನ ಸಣ್ಣ ಕುಳಿಗಳಲ್ಲಿ ಬೆಳಕು ಹೇಗೆ ಮುರಿದು ಬೀಳುತ್ತದೆ ಎಂದು ನೋಡುತ್ತೇನೆ. ಮನೆಗೆ ಬಂದವರು ಇದನ್ನು ಕಂಡು, ಹಣ್ಣು ಕೆಟ್ಟಿದೆಯೇನೋ ಎಂದು ತಮ್ಮ ಕೈಯಲ್ಲಿದ್ದ ತೊಳೆಯನ್ನು ಮರಳಿ ತಟ್ಟೆಗೆ ಇಟ್ಟುಬಿಡುತ್ತಾರೆ. ಹಣ್ಣಿಗೆ ಏನೂ ಆಗಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಅವರಿಗೆ ಸಮಾಧಾನ ಹೇಳುತ್ತಾಳೆ. ಆಗಿರುವುದು ಯಾರಿಗೆ ಎಂಬುದನ್ನು ಹೇಳಲು ಹೋಗುವುದಿಲ್ಲ. ಆ ಕಥೆಯನ್ನು ನಾನೇ ನಿಮಗೆ ಹೇಳಿಬಿಡುತ್ತೇನೆ, ಹೇಗಿದ್ದರೂ ಒಂದು ದಿನ ಊರವರಿಂದ ನಿಮಗೆ ತಿಳಿಯುವುದೇ.

ವಿದ್ಯಾನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಮೂವತ್ತೈದು ವರ್ಷಗಳಿಂದ ಜನರ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಆ ಭಾರವಾದ ದುಂಡು ಚೌಕಟ್ಟನ್ನು ಕೂಡಿಸಿ, ಒಂದೊಂದೇ ಗಾಜು ಬದಲಿಸುತ್ತ, ‘ಇದು ಸ್ಪಷ್ಟ ಐತ್ರಿ, ಅದೋ?’ ಎಂದು ಕೇಳುತ್ತ ಬಂದವನು ನಾನು. ಹೀಗೆ ಊರಿನ ಕಣ್ಣು ತಿದ್ದುತ್ತ ಕುಳಿತವನ ಕಣ್ಣಿಗೇ ಪೊರೆ ಬಂದು, ದೀಪಾವಳಿಗೆ ಒಂದು ತಿಂಗಳು ಮುಂಚೆ ಎರಡಕ್ಕೂ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮೇಲೆ ನನಗೆ ಕಂಡದ್ದೇ ಬೇರೆ ಲೋಕ. ಗೋಡೆಯ ಮೇಲಿನ ಹಲ್ಲಿಯ ಬೆರಳುಗಳನ್ನು ಎಣಿಸಿದೆ. ಉಪ್ಪಿಟ್ಟಿನಲ್ಲಿ ರವೆಯ ಕಾಳು ಕಾಳೂ ಬೇರೆ ಬೇರೆಯಾಗಿ ಕಂಡು, ಯಾವುದನ್ನು ಮೊದಲು ತಿನ್ನಬೇಕೆಂದು ತಿಳಿಯದೆ ಕುಳಿತೆ. ಹತ್ತು ವರ್ಷದಿಂದ ಕೆನೆಬಣ್ಣವೆಂದು ನಂಬಿದ್ದ ನಮ್ಮ ಪಡಸಾಲೆಯ ಗೋಡೆ ಅಚ್ಚ ಬಿಳಿಯದಾಗಿತ್ತು. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಕೇಳದೆ ಸುಣ್ಣ ಹೊಡೆಸಿದ್ದಾಳೆಂದು ಗಿರಿಜಾಳೊಂದಿಗೆ ಒಂದು ಇಡೀ ಮಧ್ಯಾಹ್ನ ಜಗಳವಾಡಿದೆ. ಇಂಥ ಹೊಸ ಕಣ್ಣಿನವನ ಮನೆಗೆ ಹೊಸ ಕಾರು ಬಂತು.

ಕಾರು ಗಿರಿಜಾಳದು. ಇದನ್ನು ನಾನು ಈಗ ಒತ್ತಿ ಹೇಳುತ್ತಿದ್ದೇನೆ, ಆಗ ಮರೆತಿದ್ದೆ. ಅವಳು ಶಿರಗುಪ್ಪಿಯ ಸರಕಾರಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮಾಸ್ತರಿಕೆ ಮಾಡಿದವಳು. ಹತ್ತೊಂಬತ್ತು ವರ್ಷವೂ ಬಸ್ಸಿನಲ್ಲಿ, ಬಹುಪಾಲು ನಿಂತುಕೊಂಡು, ಕಂಬಿಗೆ ಜೋತುಬಿದ್ದು ಹೋಗಿ ಬಂದಳು. ನಿವೃತ್ತಿಯಾದ ಮರುವಾರವೇ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿ, ಹದಿನೆಂಟು ವರ್ಷದ ಹುಡುಗಿಯರ ನಡುವೆ ಕುಳಿತು ಕಲಿತು, ಮೊದಲ ಪರೀಕ್ಷೆಯಲ್ಲೇ ಲೈಸೆನ್ಸು ತಂದಳು. ಸಂಕ್ರಾಂತಿಗೆ ಮೊದಲು ನಡೆಯುವ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಅವಳನ್ನು ಅತಿಥಿಯಾಗಿ ಕರೆದಿದ್ದರು. ತಾನೇ ಗಾಡಿ ನಡೆಸಿಕೊಂಡು ಬರುವುದಾಗಿ ಅವಳು ಅಲ್ಲಿಯ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಕಾರಿನ ಬಣ್ಣವನ್ನು ಆರಿಸಿದವಳೂ ಅವಳೇ: ತನ್ನ ಇಳಕಲ್ ಸೀರೆಯ ಸೆರಗನ್ನು ಶೋರೂಮಿಗೆ ಒಯ್ದು, ಪಕ್ಕಕ್ಕೆ ಹಿಡಿದು ನೋಡಿ ಒಪ್ಪಿದ ಕಡುನೀಲಿ.

ಪಾಡ್ಯದ ಮುಂಜಾನೆ ಪೂಜೆಯ ತಟ್ಟೆ ಸಿದ್ಧವಾಗಿತ್ತು. ವಿಭೂತಿ, ಅರಿಶಿನ, ಕುಂಕುಮ, ಚೆಂಡುಹೂವಿನ ಮಾಲೆ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ವಿಭೂತಿ ಹಚ್ಚಿ, ಗಾಲಿಗಳ ಮುಂದೆ ನಿಂಬೆಹಣ್ಣು ಇಡುವ ತನಕ ಹೊಸ ಗಾಡಿಯೊಳಗೆ ಮನೆಯವರು ಯಾರೂ ಕೂಡುವಂತಿಲ್ಲ ಎಂಬುದು ನಮ್ಮ ಮನೆತನದ ರೂಢಿ. ಅಲ್ಲಿಯ ತನಕ ಅದು ಶೋರೂಮಿನವರದೇ ಗಾಡಿ ಎಂದು ಲೆಕ್ಕ. ಹಿಂದಿನ ಸಂಜೆ ಶೋರೂಮಿನವನೇ ಬಂದು ಪೋರ್ಚಿನಲ್ಲಿ ನಿಲ್ಲಿಸಿ ಹೋಗಿದ್ದ. ನಾನು ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆಯಲೆಂದು ಬಾಗಿದವನು ಹಾಗೇ ನಿಂತುಬಿಟ್ಟೆ. ಪೋರ್ಚಿನ ಟ್ಯೂಬ್‌ಲೈಟಿನ ಬಿಂಬ ಬಾನೆಟ್ಟಿನಲ್ಲಿ ಬಿದ್ದಿತ್ತು, ಆದರೆ ಅದರ ಅಂಚು ನೆಟ್ಟಗಿರಲಿಲ್ಲ, ಕಂಬಳಿಹುಳದ ಮೈಯಂತೆ ಏರಿಳಿದಿತ್ತು. ಬೆರಳಿನಿಂದ ಸವರಿದರೆ ನುಣುಪು, ಕಣ್ಣಿಗೆ ಮಾತ್ರ ತಗ್ಗುದಿಣ್ಣೆ. ಫೋನಿನಲ್ಲಿ ಹುಡುಕಿದೆ. ಬಣ್ಣದವರು ಇದಕ್ಕೆ ‘ಆರೆಂಜ್ ಪೀಲ್’ ಎನ್ನುತ್ತಾರಂತೆ; ಸಿಂಪಡಿಸಿದ ಬಣ್ಣ ಸಮನಾಗಿ ಹರಡಿಕೊಳ್ಳುವ ಮೊದಲೇ ಒಣಗಿದರೆ ಹೀಗೆ ಕಿತ್ತಳೆ ಸಿಪ್ಪೆಯಂತೆ ಕಾಣುತ್ತದಂತೆ. ಹೆಸರು ಸಿಕ್ಕಿದ ಮೇಲೆ ಕೇಳಬೇಕೆ, ನನಗೆ ಬಾನೆಟ್ಟು, ಬಾಗಿಲು, ಮೇಲಿನ ಟಾಪು, ಹಿಂದಿನ ಡಿಕ್ಕಿ ಎಲ್ಲೆಲ್ಲೂ ಕಿತ್ತಳೆಯೇ ಕಾಣತೊಡಗಿತು.

ಬಣ್ಣ ಸರಿಹೋಗುವ ತನಕ ಪೂಜೆ ಬೇಡವೆಂದೆ. ಈಗ ಅರಿಶಿನ ಕುಂಕುಮ ಹಚ್ಚಿದರೆ ಕಲೆ ಬಿದ್ದು, ತಕರಾರು ಮಾಡಲು ನಮಗೆ ಬಾಯಿ ಇರುವುದಿಲ್ಲವೆಂದೆ. ಗಿರಿಜಾ ಬಾಗಿ ನೋಡಿದಳು, ಕುಳಿತು ನೋಡಿದಳು, ಕೊನೆಗೆ ತನಗೆ ಟ್ಯೂಬ್‌ಲೈಟು ಕಾಣುತ್ತದೆಂದೂ ಅದರ ಮೇಲೆ ಧೂಳು ಕೂತಿದೆಯೆಂದೂ ಹೇಳಿದಳು. ಅವಳ ಕಣ್ಣಿನ ನಂಬರು ತೆಗೆದವನು ನಾನೇ, ಆದ್ದರಿಂದ ಅವಳಿಗೆ ಕಾಣುವುದಿಲ್ಲವೆಂದು ವಾದಿಸುವಂತೆಯೂ ಇರಲಿಲ್ಲ. ಒಂದು ವಾರ ಅಂದೆ. ಅವಳು ತಟ್ಟೆಯನ್ನು ಒಳಗೆ ಒಯ್ದು, ನಾಲ್ಕು ನಿಂಬೆಹಣ್ಣುಗಳನ್ನು ಅಡಿಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು.

ಶೋರೂಮಿಗೆ ನಾನು ಸಾಕ್ಷಿಗೆಂದು ಒಂದು ಕಿತ್ತಳೆ ಹಣ್ಣನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೋದೆ. ಅಲ್ಲಿಯ ಮ್ಯಾನೇಜರು ಮರ್ಯಾದಸ್ಥ ಮನುಷ್ಯ. ಅವನು ಒಂದು ಕೈಯಲ್ಲಿ ಹಣ್ಣನ್ನೂ ಇನ್ನೊಂದು ಕೈಯಲ್ಲಿ ಬ್ಯಾಟರಿ ದೀಪವನ್ನೂ ಹಿಡಿದು, ಸಾಲಾಗಿ ನಿಂತ ಹೊಸ ಗಾಡಿಗಳನ್ನೆಲ್ಲ ನನ್ನೊಂದಿಗೆ ಬಾಗಿ ಬಾಗಿ ನೋಡಿ, ಎಲ್ಲ ಗಾಡಿಗಳೂ ಹೀಗೇ ಇರುತ್ತವೆಂದೂ ಇದು ಕಂಪನಿಯ ಅಳತೆಯೊಳಗೇ ಇದೆಯೆಂದೂ ತಿಳಿಸಿ, ಚಹಾ ಕುಡಿಸಿ ಕಳಿಸಿದ. ನಾಲ್ಕು ದಿನದ ಮೇಲೆ ಅವನದೇ ಫೋನು. ದನಿ ಸಣ್ಣದಾಗಿತ್ತು. ತನ್ನ ಸ್ವಂತ ಗಾಡಿಯನ್ನು ಮೂರು ವರ್ಷದಿಂದ ಸುಖವಾಗಿ ಓಡಿಸುತ್ತಿದ್ದನಂತೆ, ನಾನು ಬಂದು ಹೋದಂದಿನಿಂದ ಅದರಲ್ಲೂ ಸಿಪ್ಪೆ ಕಾಣತೊಡಗಿದೆಯಂತೆ, ಊಟ ಸೇರುತ್ತಿಲ್ಲವಂತೆ. ಏನಾದರೂ ಪರಿಹಾರ ಸಿಕ್ಕರೆ ದಯವಿಟ್ಟು ತನಗೂ ತಿಳಿಸಬೇಕೆಂದು ಕೇಳಿಕೊಂಡ. ನನಗೆ ಅಂಥ ಸಂಗಾತಿ ಸಿಕ್ಕಿದ್ದಕ್ಕೆ ನಾಚಿಕೆಯಿಲ್ಲದೆ ಸಂತೋಷವಾಯಿತು.

ಆಮೇಲೆ ನಾನು ಊರಿನ ಕಾರುಗಳನ್ನು ನೋಡುತ್ತ ಹೊರಟೆ. ಸಿಪ್ಪೆ ಇಲ್ಲದ ಒಂದಾದರೂ ಕಾರು ಹುಬ್ಬಳ್ಳಿ-ಧಾರವಾಡದಲ್ಲಿ ಇರಲೇಬೇಕೆಂಬುದು ನನ್ನ ನಂಬಿಕೆ. ಒಂದು ಮದುವೆಗೆ ಹೋದವನು ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿಗೂ ಮಂಟಪದೊಳಗೆ ಹೋಗದೆ, ಹೊರಗೆ ನಿಂತ ಗಾಡಿಗಳ ನಡುವೆ ಬಗ್ಗಿಕೊಂಡೇ ಇದ್ದೆ. ಬೀಗರ ಕಡೆಯ ಇಬ್ಬರು ಹಿರಿಯರು ನನ್ನ ಉಂಗುರ ಕಳೆದಿದೆಯೆಂದು ತಿಳಿದು, ಕೇಳದೆಯೇ ಧೋತರ ಎತ್ತಿಕಟ್ಟಿ ಹುಡುಕಲು ಕೂತರು. ಅವರ ಉಮೇದಿಗೆ ತಣ್ಣೀರು ಎರಚಲು ಮನಸ್ಸಾಗದೆ ನಾನೂ ಉಂಗುರವನ್ನೇ ಹುಡುಕಿದೆ. ಅರ್ಧ ತಾಸಿನ ಮೇಲೆ ಅವರಿಗೆ ಯಾರದೋ ಕಿವಿಯೋಲೆಯ ತಿರುಪು ಸಿಕ್ಕಿ, ನನ್ನದೇ ಎಂದು ಬಲವಂತವಾಗಿ ಕೈಗಿಟ್ಟು ಊಟಕ್ಕೆ ಕರೆದೊಯ್ದರು.

ಸಿಪ್ಪೆಯಲ್ಲೂ ಜಾತಿ ಇರಬೇಕಲ್ಲವೇ? ನಮ್ಮ ಕಾರಿನದು ಯಾವ ಕಿತ್ತಳೆಯ ಸಿಪ್ಪೆ ಎಂಬ ಪ್ರಶ್ನೆ ಎದ್ದಿತು. ಬಾನೆಟ್ಟಿನ ಮೇಲೆ ಮೆತ್ತಗಿನ ಬಟ್ಟೆ ಹಾಸಿ, ನಾಗಪುರದ ಕಿತ್ತಳೆ, ಕೊಡಗಿನ ಕಿತ್ತಳೆ, ಮೋಸಂಬಿಗಳನ್ನು ಸಾಲಾಗಿ ಇಟ್ಟು ಹೋಲಿಸಿ, ಡೈರಿಯಲ್ಲಿ ಬರೆದುಕೊಳ್ಳತೊಡಗಿದೆ. ಬಾಗಿಲುಗಳು ಸ್ಪಷ್ಟವಾಗಿ ನಾಗಪುರದವಾಗಿದ್ದವು. ಡಿಕ್ಕಿ ಮೋಸಂಬಿಯ ಕಡೆಗೆ ವಾಲುತ್ತಿತ್ತು. ಬಾನೆಟ್ಟಿನ ವಿಷಯ ತೀರ್ಮಾನವಾಗುವ ಮೊದಲೇ ಗಿರಿಜಾ ಸಾಕ್ಷ್ಯಗಳನ್ನೆಲ್ಲ ಸುಲಿದು ತಿಂದು ಮುಗಿಸಿದ್ದಳು. ಕಿಟಕಿಯಲ್ಲಿ ನಿಂಬೆಹಣ್ಣುಗಳು ಹಳದಿ ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ವಾರವೆಂದದ್ದು ಎಂಟು ವಾರವಾಗಿತ್ತು, ಅವಳು ಒಮ್ಮೆಯೂ ಕೇಳಿರಲಿಲ್ಲ.

ಕೇಳದೆ ಅವಳು ಏನು ಮಾಡುತ್ತಿದ್ದಾಳೆಂದು ನನಗೆ ಕಂಡದ್ದು ಗ್ಯಾದರಿಂಗಿಗೆ ಮೂರು ದಿನ ಇದ್ದಾಗ. ಅಂಗಡಿಯಿಂದ ಆ ದಿನ ಮಧ್ಯಾಹ್ನವೇ ಮನೆಗೆ ಬಂದೆ. ಅಡಿಗೆಮನೆಯಲ್ಲಿ ಗಿರಿಜಾ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಕಾಲ ಕೆಳಗೆ ಮೂರು ಮಣೆ, ಬಲಗೈಯಲ್ಲಿ ಸ್ಟೀರಿಂಗಿನಂತೆ ಎದೆಯೆದುರು ಹಿಡಿದ ಅಗಲ ಬಟ್ಟಲು, ಎಡಗೈ ಪಕ್ಕದ ಜೋಳದ ಡಬ್ಬಿಯಲ್ಲಿ ಹುಗಿದು ನಿಲ್ಲಿಸಿದ ಸಾರಿನ ಹುಟ್ಟಿನ ಮೇಲೆ. ಅವಳು ಎಡಗಾಲಿನಿಂದ ಒಂದು ಮಣೆಯನ್ನು ಒತ್ತಿ, ಹುಟ್ಟನ್ನು ಮೊದಲ ಗೇರಿನಿಂದ ಎರಡನೆಯದಕ್ಕೆ ಎಳೆದು, ಮೆಲ್ಲಗೆ ಕಾಲು ಬಿಟ್ಟಳು. ಜೋಳ ಗರಗರ ಅಂದಿತು. ಬಟ್ಟಲನ್ನು ತುಸುವೇ ಎಡಕ್ಕೆ ತಿರುಗಿಸಿ, ಯಾವುದೋ ದನಕ್ಕೆ ದಾರಿ ಬಿಟ್ಟಂತೆ ಕಾದು, ಮತ್ತೆ ನೆಟ್ಟಗಾದಳು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡಾಗಲೂ ಗಾಡಿ ನಿಲ್ಲಿಸಲಿಲ್ಲ.

“ಕೈ ಮರ್ಯಾಕತ್ತಾವ್ರಿ. ಕಲ್ತದ್ದು ಎಲ್ಲಾ ಹೋಗೇ ಬಿಡತೈತೇನೋ ಅಂತ ಭಯ ಆತು,” ಅಂದಳು.

ಅವಳು ಅದನ್ನು ದೂರಿನ ದನಿಯಲ್ಲಿ ಹೇಳಿದ್ದರೆ ನಾನೂ ಏನಾದರೂ ಉತ್ತರ ಕೊಡುತ್ತಿದ್ದೆ. ಅವಳು ದೂರಲಿಲ್ಲ, ರಸ್ತೆ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಎಂಟು ವಾರ ಪೋರ್ಚಿನಲ್ಲಿ ಹೊಸ ಕಾರು ನಿಂತಿದ್ದರೂ ನನ್ನ ಹೆಂಡತಿ ಜೋಳದ ಡಬ್ಬಿಯನ್ನು ಓಡಿಸುತ್ತಿದ್ದಳು. ಇಂಥ ಹೊತ್ತಿನಲ್ಲಿ ಬುದ್ಧಿಯುಳ್ಳವನು ನೇರ ಹೋಗಿ ವಿಭೂತಿ ಹಚ್ಚುತ್ತಿದ್ದ. ನಾನು ನೇರ ಅಮರಗೋಳಕ್ಕೆ ಹೋದೆ.

ಅಮರಗೋಳದಲ್ಲಿ, ನಾನು ಸಾಕ್ಷ್ಯಕ್ಕೆ ಹಣ್ಣು ಕೊಳ್ಳುತ್ತಿದ್ದ ತಳ್ಳುಗಾಡಿಯ ಹಿಂದೆಯೇ, ಮಾಬುಸಾಬ ಕಾಕಾನ ಷೆಡ್ಡು. ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಬಣ್ಣ ಬಳಿಯುತ್ತ ಮುದುಕನಾದ ಮನುಷ್ಯ. ಅವನು ಮರುದಿನ ಬಕೆಟ್ಟು, ನೀರಿನಲ್ಲಿ ನೆನೆಸಿ ತಿಕ್ಕುವ ಸಣ್ಣ ಮರಳುಕಾಗದ, ಪಾಲಿಶ್ ಡಬ್ಬಿ ಹಿಡಿದು ಬಂದ. ಬಾಗಿ ನೋಡಿ, ಸಿಪ್ಪೆ ಕಾಣುತ್ತದೆಂದು ಒಪ್ಪಿಕೊಂಡ. ಎಂಟು ವಾರದಲ್ಲಿ ನನ್ನನ್ನು ನಂಬಿದ ಎರಡನೆಯವನು ಅವನು, ಅಪ್ಪಿಕೊಳ್ಳುವುದೊಂದು ಬಾಕಿ. ಆದರೆ ಕಾಗದವನ್ನು ನೀರಿಗೆ ಅದ್ದುವ ಮೊದಲು ಅವನು ಒಂದು ಮಾತು ಹೇಳಿದ.

“ಇದು ಗಾಡಿ ತೊಗಲು ಐತ್ರಿ ಸಾಹುಕಾರ್ರ. ತಿಕ್ಕಿದ್ರ ತಗ್ಗು-ದಿನ್ನಿ ಹೋಗತೈತಿ, ಖರೇ. ಆದ್ರ ತೊಗಲೂ ಅಷ್ಟ ತೆಳ್ಳಗ ಆಗತೈತಿ, ಆಮ್ಯಾಲೆ ನಮ್ಮ ಬಿಸಲು ತಡಿಯೂದುಲ್ಲ. ಮೊದಲ ಅಂಗೈಯಷ್ಟ ಮಾಡಿ ತೋರಸ್ತೇನಿ. ನೋಡ್ರಿ, ಮನಸಿಗೆ ಬಂದ್ರ ಮುಂದ ಮಾಡೂಣು.”

ಬಾನೆಟ್ಟಿನ ನಟ್ಟನಡುವೆ ಅಂಗೈಯಗಲದ ಜಾಗ. ಅವನು ನೀರು ಹನಿಸುತ್ತ ತಿಕ್ಕಿದ, ಒರೆಸಿದ, ಪಾಲಿಶ್ ಹಚ್ಚಿ ಮತ್ತೆ ತಿಕ್ಕಿದ. ಕೊನೆಯ ಸಲ ಬಟ್ಟೆ ಎಳೆದಾಗ ಅಲ್ಲಿ ಬಣ್ಣವೇ ಇಲ್ಲವೆಂಬಂತೆ ಒಂದು ನೀಲಿ ಕನ್ನಡಿ ಹೊಳೆಯಿತು. ಟ್ಯೂಬ್‌ಲೈಟಿನ ಅಂಚು ದಾರ ಹಿಡಿದಂತೆ ನೆಟ್ಟಗೆ. ನಾನು ಎಂಟು ವಾರ ಕನಸಿನಲ್ಲಿ ಕಂಡದ್ದು ಇದೇ. ಕಣ್ತುಂಬ ನೋಡಿಕೊಳ್ಳೋಣವೆಂದು ಬಾಗಿದೆ, ಮತ್ತು ಅಲ್ಲಿ ನನ್ನನ್ನು ನಾನು ನೋಡಿದೆ.

ಗೆಳೆಯರೇ, ಹರೆಯದಲ್ಲಿ ನನಗೆ ಮೊಡವೆ ಬಹಳ. ಅವು ಬಿಟ್ಟುಹೋದ ಕುಳಿಗಳು ಕೆನ್ನೆಯ ಎರಡೂ ಕಡೆ ಇವೆ, ಪೊರೆ ಬಂದ ಮೇಲೆ ಅವನ್ನು ನಾನು ಮರೆತೇಬಿಟ್ಟಿದ್ದೆ. ಶಸ್ತ್ರಚಿಕಿತ್ಸೆಯ ಮೇಲೂ ಹೊಸ ಕಣ್ಣನ್ನು ಪ್ರಪಂಚದ ಮೇಲೆ ಹರಿಯಬಿಟ್ಟೆನೇ ಹೊರತು ಕನ್ನಡಿಯ ಮುಂದೆ ಎರಡು ನಿಮಿಷ ನಿಂತವನಲ್ಲ. ಈಗ ಮುಂಜಾನೆಯ ಓರೆ ಬೆಳಕಿನಲ್ಲಿ ಒಂದೊಂದು ಕುಳಿಯೂ ಎದ್ದು ನಿಂತಿತ್ತು. ಮೂಗಿನ ಮೇಲಿನ ರಂಧ್ರಗಳು, ಗಲ್ಲದ ಕೆಳಗಿನ ತೊಗಲು, ಎಲ್ಲ. ಬಾಗಿಲುಗಳು ನಾಗಪುರದವು, ಡಿಕ್ಕಿ ಮೋಸಂಬಿ ಎಂದು ಡೈರಿ ಬರೆದವನ ಕೆನ್ನೆ ಖಾಸಾ ಕೊಡಗಿನದಾಗಿತ್ತು. ಗಾಬರಿಯಿಂದ ಒಂದು ಗೇಣು ಪಕ್ಕಕ್ಕೆ ಸರಿದೆ. ಅಲ್ಲಿ, ಇನ್ನೂ ತಿಕ್ಕದ ನೀಲಿಯಲ್ಲಿ, ನಲವತ್ತರ ಆಸುಪಾಸಿನ, ಒಳ್ಳೆಯ ಮೈಬಣ್ಣದ ಒಬ್ಬ ಗೃಹಸ್ಥ ನನ್ನನ್ನು ಸಮಾಧಾನದಿಂದ ನೋಡುತ್ತಿದ್ದ. ಮತ್ತೆ ಕನ್ನಡಿಗೆ ಬಂದೆ, ಮತ್ತೆ ಪಕ್ಕಕ್ಕೆ ಸರಿದೆ. ಹೀಗೆ ನಾನು ಅತ್ತಿತ್ತ ಓಲಾಡುವುದನ್ನು ಮಾಬುಸಾಬ ಕಾಕಾ ಬಟ್ಟೆ ಹಿಂಡುತ್ತ ನೋಡುತ್ತಿದ್ದ.

ಗಿರಿಜಾ ಯಾವಾಗ ಬಂದು ಪಕ್ಕದಲ್ಲಿ ನಿಂತಳೋ ತಿಳಿಯದು. ಕನ್ನಡಿಯ ಜಾಗದಲ್ಲಿ ಬಾಗಿದಳು, ಸಿಪ್ಪೆಯ ಜಾಗದಲ್ಲಿ ಬಾಗಿದಳು. ಆಮೇಲೆ ನನ್ನ ಅಂಗಡಿಯ ದನಿಯಲ್ಲಿ, ನನ್ನದೇ ಮಾತನ್ನು ಕೇಳಿದಳು.

“ಇದು ಸ್ಪಷ್ಟ ಐತ್ರಿ, ಅದೋ?”

ಇದು, ಎಂದು ನಾನು ಕನ್ನಡಿಯನ್ನು ತೋರಿಸಿದೆ. ಸುಳ್ಳು ಹೇಳುವಂತಿರಲಿಲ್ಲ.

“ಹಿತ ಯಾವುದ್ರಿ?”

ಈ ಎರಡನೆಯ ಪ್ರಶ್ನೆಯೂ ನನ್ನದೇ, ಅದನ್ನು ನಾನು ನಿಮಗೆ ಹೇಳದೆ ಬಿಟ್ಟಿದ್ದೆ. ನಮ್ಮ ಕಸುಬಿನಲ್ಲಿ ವಯಸ್ಸಾದ ಗಿರಾಕಿಗೆ ಕಣ್ಣು ಬೇಡುವ ಪೂರ್ತಿ ನಂಬರನ್ನು ಒಮ್ಮೆಲೇ ಕೊಟ್ಟರೆ, ಅಕ್ಷರಗಳೇನೋ ನೆಟ್ಟಗಾಗುತ್ತವೆ, ಆದರೆ ಮೆಟ್ಟಿಲು ಎದ್ದು ಮುಖಕ್ಕೆ ಬಂದಂತಾಗಿ, ನೆಲ ಓರೆಯಾಗಿ, ಎರಡೇ ದಿನದಲ್ಲಿ ಅವರು ತಲೆ ಹಿಡಿದುಕೊಂಡು ಮರಳಿ ಬರುತ್ತಾರೆ. ಅದಕ್ಕೇ ಯಾವುದು ಸ್ಪಷ್ಟವೆಂದು ಕೇಳಿದ ಮೇಲೆ ಯಾವುದು ಹಿತವೆಂದೂ ಕೇಳಿ, ಕಾಲು ನಂಬರು ಕಡಿಮೆಯೇ ಕೊಡುತ್ತ ಬಂದಿದ್ದೇನೆ. ಎಷ್ಟೋ ಜನ ಆ ಕಾಲು ನಂಬರಿನ ಕೊರತೆಯಲ್ಲಿ ಸುಖವಾಗಿ ಮೊಮ್ಮಕ್ಕಳನ್ನು ಆಡಿಸುತ್ತ, ಪತ್ರಿಕೆ ಓದುತ್ತ ಇದ್ದಾರೆ. ನನ್ನ ಕಣ್ಣಿಗೆ ಮಾತ್ರ ಆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.

“ಊರ ಮಂದಿಗೆಲ್ಲಾ ಕಾಲು ನಂಬರ ಕಡಿಮಿ ಕೊಡತೀರಿ,” ಅಂದಳು ಗಿರಿಜಾ. “ನಿಮಗ ಯಾರು ಕೊಡಬೇಕ್ರಿ?”

ನಾನು ಒಳಗೆ ಹೋಗಿ ಪೂಜೆಯ ತಟ್ಟೆ ತಂದೆ. ಮಾಬುಸಾಬ ಕಾಕಾ ತನ್ನ ಮರಳುಕಾಗದವನ್ನು ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡ. ನಿಂಬೆಹಣ್ಣು ಹೊಸವು ತರುತ್ತೇನೆಂದರೆ ಗಿರಿಜಾ ಒಪ್ಪಲಿಲ್ಲ. ಇಷ್ಟು ದಿನ ಕಾದು ಕುಳಿತವಕ್ಕೆ ಮೋಸ ಮಾಡಬಾರದೆಂದು, ಕಿಟಕಿಯಲ್ಲಿ ಒಣಗಿ ಗೋಲಿಗುಂಡಿನಂತಾದ ಆ ನಾಲ್ಕನ್ನೇ ಗಾಲಿಗಳ ಮುಂದೆ ಇಟ್ಟಳು. ನಾನು ಸಿಪ್ಪೆಯ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದೆ. ಅವಳು ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಎಲ್ಲ ಮುಗಿದ ಮೇಲೆ ಕಣ್ಣಿಗೆ ಹಚ್ಚುವ ಕಾಡಿಗೆಯ ಡಬ್ಬಿ ತೆಗೆದಳು. ಚಂದದ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವಂತೆ, ಆ ನುಣುಪಾದ ನೀಲಿ ಕನ್ನಡಿಯ ನಟ್ಟನಡುವೆ, ಹೆಬ್ಬೆರಳಗಲದ ಒಂದು ಕಪ್ಪು ಬೊಟ್ಟು ಒತ್ತಿದಳು. ಇಡೀ ಗಾಡಿಯಲ್ಲಿ ದೃಷ್ಟಿಯಾಗುವಂಥ ಜಾಗ ಅದೊಂದೇ, ಉಳಿದದ್ದಕ್ಕೆ ಕಂಪನಿಯವರೇ ಮೈತುಂಬ ಬೊಟ್ಟು ಹಚ್ಚಿ ಕಳಿಸಿದ್ದಾರೆ ಎಂದಳು.

ಆಮೇಲೆ ಅವಳು ಗಾಡಿಯೊಳಗೆ ಕುಳಿತಳು. ಬೆನ್ನು ನೆಟ್ಟಗೆ, ಅಡಿಗೆಮನೆಯಲ್ಲಿ ಕುಳಿತ ಹಾಗೆಯೇ. ಗಾಡಿ ಒಮ್ಮೆ ಜಗ್ಗಿ ನಿಂತಿತು, ಎರಡನೆಯ ಸಲ ಹೊರಟಿತು, ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳು ಪಟಾಕಿಯಂತೆ ಒಡೆದವು. ಆ ದಿನವೂ ಮರುದಿನವೂ ವಿದ್ಯಾನಗರದ ಓಣಿಗಳಲ್ಲಿ ಸುತ್ತಿ, ಅವಳ ಕೈ ಮರಳಿ ಬಂತು.

ಗ್ಯಾದರಿಂಗಿನ ದಿನ ಶಿರಗುಪ್ಪಿಯ ದಾರಿಯಲ್ಲಿ ಎರಡು ಟ್ರ್ಯಾಕ್ಟರುಗಳೂ ಒಂದು ಎತ್ತಿನ ಬಂಡಿಯೂ ನಮ್ಮನ್ನು ಹಿಂದೆ ಹಾಕಿದವು. ಬಂಡಿಯವನು ನಮ್ಮ ಕಡೆ ಮರುಕದಿಂದ ನೋಡಿದ. ಗಿರಿಜಾ ಯಾರ ಕಡೆಗೂ ನೋಡಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲು ನೋಯಿಸಿಕೊಂಡೆ. ಬಸ್ಸು ಇಳಿದು ಹತ್ತೊಂಬತ್ತು ವರ್ಷ ಅವಳು ನಡೆದು ಹೋದ ಆ ಶಾಲೆಯ ಗೇಟಿನ ಮುಂದೆ ಗಾಡಿ ನಿಂತಾಗ, ಅವಳು ಹಾರ್ನನ್ನು ಒಂದೇ ಸಲ, ಸಣ್ಣಗೆ ಒತ್ತಿದಳು. ಗೇಟು ತೆರೆಯಿತು. ಅವಳ ಕಣ್ಣು ತುಂಬಿದ್ದನ್ನು ನೋಡಲು ಹೊಸ ಕಣ್ಣೇನೂ ಬೇಕಿರಲಿಲ್ಲ. ಹುಡುಗಿಯರು ಓಡಿಬಂದು ಕಪ್ಪುಮಣ್ಣಿನ ಧೂಳು ಕೂತ ಬಾನೆಟ್ಟಿನ ತುಂಬ ಬೆರಳಿನಿಂದ ಹೆಸರು ಬರೆದರು. ಅವರು ಬರೆಯುವುದನ್ನು ನಾನು ತಡೆಯಲಿಲ್ಲ, ತಡೆಯಬೇಕೆಂದು ನೆನಪೂ ಆಗಲಿಲ್ಲ.

ಮರಳಿ ಬರುವಾಗ ಶಾಲೆಯವರು ಕೊಟ್ಟ ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದೆ. ರೂಢಿಯಂತೆ ಸಂಜೆಯ ಬಿಸಿಲಿಗೆ ಹಿಡಿದು ತಿರುಗಿಸಿ, ಅದರ ಕುಳಿಗಳನ್ನು ನೋಡಿದೆ. ಎಂಟು ವಾರ ಇದನ್ನು ವೈರಿಯಂತೆ ನೋಡಿದವನಿಗೆ ಆ ಹೊತ್ತು ಅದು ಪರಿಚಯದವರ ಮುಖದಂತೆ ಕಂಡಿತು. ಗಿರಿಜಾ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದಿದ್ದರಿಂದ, ನಾನು ಸುಲಿದು ಒಂದೊಂದೇ ತೊಳೆಯನ್ನು ಅವಳ ಬಾಯಿಗೆ ಇಡುತ್ತ ಬಂದೆ. ಸಿಪ್ಪೆ ಮಡಿಚುವಾಗ ಅದರ ಎಣ್ಣೆ ಚಿಮ್ಮಿ ಅವಳ ಮುಂದಿನ ಗಾಜಿನ ಮೇಲೆ ಸಣ್ಣ ಸಣ್ಣ ಹನಿ ಕೂತಿತು. ಹೊಸ ಕಾರು, ಹೊಸ ಗಾಜು. ನಾನು ಗಾಬರಿಯಾಗಿ ಕರವಸ್ತ್ರ ತೆಗೆದೆ.

“ಇರ್ಲಿ ಬಿಡ್ರಿ,” ಅಂದಳು ಗಿರಿಜಾ, ಮೂರನೆಯ ಗೇರಿಗೆ ಹಾಕುತ್ತ. “ರಸ್ತಾ ಕಾಣತೈತಿ.”